ಅಳತೆ ಸರಿಯಿದ್ದ ಮನೆ

ಬಸವನ ಬಾಗೇವಾಡಿ

ಚೀನಾಕ್ಕೆ ನಾವು ಇಬ್ಬರು ಹೋಗಬೇಕಾಗಿತ್ತು. ಹೊರಟದ್ದು ನಾನೊಬ್ಬನೇ.

ಇನ್ನೊಬ್ಬ ಗೊಳಸಂಗಿಯ ಮಲ್ಲಪ್ಪ. ಬಸ್ಸಿನ ಕಂಡಕ್ಟರನಾಗಿ ನಿವೃತ್ತನಾದವನು. ಮುದ್ದೇಬಿಹಾಳ, ಸಿಂದಗಿ, ಇಂಡಿ ಎಂದು ಅವನ ಬಸ್ಸು ಓಡಿದ ದಾರಿಯಲ್ಲಿ ಅವನು ಮಾತಾಡಿಸದ ಮನುಷ್ಯನಿಲ್ಲ. ಯಾವ ಊರಲ್ಲಿ ಯಾರ ಮಗಳನ್ನು ಎಲ್ಲಿಗೆ ಕೊಟ್ಟಿದ್ದಾರೆ ಎಂಬುದು ಈಗಲೂ ಅವನ ಬಾಯಲ್ಲಿದೆ. ನಾನು ಅದರ ಉಲ್ಟಾ. ಭೂಮಾಪನ ಇಲಾಖೆಯಲ್ಲಿ ಮೂವತ್ತು ವರ್ಷ ಮೋಜಣಿದಾರನಾಗಿದ್ದೆ. ಅದರಲ್ಲಿ ಹೆಚ್ಚಿನ ವರ್ಷ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಲಿರುವ ಊರುಗಳ ಮನೆ, ಗೋಡೆ, ಬಾವಿ, ದನದ ಕೊಟ್ಟಿಗೆಗಳನ್ನು ಅಳೆದು ನಕ್ಷೆ ಬರೆಯುವ ತಂಡದಲ್ಲಿ ಕಳೆದೆ. ಟೇಪು ಹಿಡಿದು ಬಂದವನ ಜೊತೆ ಯಾರೂ ಹರಟೆ ಹೊಡೆಯುವುದಿಲ್ಲ. ಕೆಲವು ಊರಲ್ಲಿ ನೀರು ಕೂಡ ಕೊಡುತ್ತಿರಲಿಲ್ಲ. ಹೀಗೆ ಮಾತು ಕಡಿಮೆಯಾದದ್ದು ನಿವೃತ್ತಿಯ ಮೇಲೂ ಹೆಚ್ಚಾಗಲಿಲ್ಲ.

ಮಲ್ಲಪ್ಪ ಒಂದು ದಿನ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಬೆಟ್ಟದ ಇಳಿಜಾರಿಗೆ ಅಂಟಿಕೊಂಡ ಊರು. ಹಳದಿ ಮಣ್ಣಿನ ಗೋಡೆ, ಕಪ್ಪು ಹೆಂಚು, ಒಂದರ ತಲೆಯ ಮೇಲೆ ಒಂದು ಮನೆ. ನೂರಾರು ವರ್ಷದ ಹಳೆಯ ಊರಂತೆ, ಚೀನಾದಲ್ಲಿದೆಯಂತೆ. “ನಮ್ಮ ಹಳೇ ಊರ ಹೊಳೀದಂಡಿಯಿಂದ ಎತ್ತಿ ಗುಡ್ಡದ ಮ್ಯಾಲ ಇಟ್ಟಾಂಗ ಐತಿ ನೋಡು,” ಎಂದ. ಮಲ್ಲಪ್ಪನ ಹಳೆಯ ಊರೂ ನನ್ನ ಹಳೆಯ ಊರೂ ಒಂದೇ. ಅದು ಈಗ ನೀರಿನ ಕೆಳಗಿದೆ. ಆ ಚಿತ್ರ ನೋಡಿದ ಮೇಲೆ ನಮಗೆ ಬೇರೆ ಊರು ರುಚಿಸಲಿಲ್ಲ. ಪಾಸ್‌ಪೋರ್ಟ್ ಮಾಡಿಸಿದೆವು, ವೀಸಾ ಬಂತು. ಹೊರಡಲು ಹತ್ತು ದಿನವಿದ್ದಾಗ ನಿಡಗುಂದಿ ಕ್ರಾಸಿನಲ್ಲಿ ಮಲ್ಲಪ್ಪ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ.

ನಾನೂ ಹೋಗುವುದಿಲ್ಲ ಎಂದು ಹೇಳಲು ಆಸ್ಪತ್ರೆಗೆ ಹೋದೆ. ಅವನು ಪ್ಲಾಸ್ಟರಿನ ಕಾಲು ದಿಂಬಿನ ಮೇಲಿಟ್ಟುಕೊಂಡು ಬೈದ.

“ನನ್ನ ಕಾಲ ಮುರದೈತಿ, ನಿನ್ನ ಕಾಲರ ನೆಟ್ಟಗ ಅದಾವಲ್ಲ. ಮಾತಾಡಾಕ ನಾ ಇಲ್ಲಂತ ಊರ ನೋಡೂದ ಬಿಡ್ತಿಯೇನು?”

ಮನೆಯಾಕೆಯನ್ನು ಕೇಳಿದೆ. ಹಜ್‌ಗೆ ಹೋಗುವುದಿದ್ದರೆ ಒಂದು ಸಲ ವಿಮಾನ ಏರುತ್ತೇನೆ, ಊರು ನೋಡಲು ಏರುವುದಿಲ್ಲ ಎಂದಳು. ಆದರೆ ಎರಡು ದಿನ ಕೂತು ಜೋಳದ ಕಟಕ ರೊಟ್ಟಿ ಬಡಿದು ಒಣಗಿಸಿದಳು, ಶೇಂಗಾ ಹಿಂಡಿ ಎಂಬ ಖಾರದ ಚಟ್ನಿಪುಡಿ ಕುಟ್ಟಿದಳು. ಅಲ್ಲಿ ಏನು ಹಾಕಿ ಅಡುಗೆ ಮಾಡುತ್ತಾರೋ, ತಿನ್ನಬೇಡ ಎಂದು ನಾಲ್ಕು ಸಲ ಹೇಳಿ ಕಳಿಸಿದಳು.

ಹಾಂಗ್‌ಝೌ

ಚೀನಾದಲ್ಲಿ ನನ್ನ ಮೊದಲ ಸಂಭಾಷಣೆ ರೊಟ್ಟಿಯ ಬಗ್ಗೆ ನಡೆಯಿತು. ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ಯಂತ್ರದೊಳಗೆ ಹೋಗಿ ಹೊರಬಂತು, ಮತ್ತೆ ಒಳಗೆ ಹೋಯಿತು. ಸಮವಸ್ತ್ರದ ಹುಡುಗಿಯೊಬ್ಬಳು ನನ್ನನ್ನು ಪಕ್ಕಕ್ಕೆ ಕರೆದು ಚೀಲ ಬಿಚ್ಚಿಸಿದಳು. ಬಟ್ಟೆಯ ಗಂಟಿನಲ್ಲಿ ನಲವತ್ತು ದುಂಡನೆಯ, ಬಿಳಿಯ, ಗಟ್ಟಿ ತಟ್ಟೆಗಳು. ಅವಳು ಒಂದನ್ನು ಎತ್ತಿ ಬೆರಳಿನಿಂದ ಬಾರಿಸಿದಳು. ಟಕ್ ಎಂದಿತು. ಇನ್ನೊಬ್ಬಳನ್ನು ಕರೆದಳು. ಅವಳೂ ಬಾರಿಸಿದಳು. ನಾನು ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು ಜಗಿದು ತೋರಿಸಿದೆ. ಶೇಂಗಾ ಹಿಂಡಿಯ ಡಬ್ಬಿ ತೆರೆದಾಗ ಘಾಟಿಗೆ ಇಬ್ಬರೂ ಸೀನಿದರು. ಅದನ್ನೂ ತಿಂದು ತೋರಿಸಿದೆ. ಕೊನೆಗೆ ನಗುತ್ತಾ ಗಂಟು ಕಟ್ಟಿಕೊಟ್ಟರು. ಪಕ್ಕದಲ್ಲಿ ಮಲ್ಲಪ್ಪ ಇದ್ದಿದ್ದರೆ ಆ ಹುಡುಗಿಯರ ತಂದೆತಾಯಿಯ ಹೆಸರು ಕೇಳದೆ ಅಲ್ಲಿಂದ ಕದಲುತ್ತಿರಲಿಲ್ಲ.

ಊರು ದೊಡ್ಡದು, ಸ್ವಚ್ಛ, ಸದ್ದಿಲ್ಲದ್ದು. ಸ್ಕೂಟರುಗಳು ಕೂಡ ಸದ್ದಿಲ್ಲದೆ ಹಿಂದಿನಿಂದ ಬಂದು ಮೈ ಸವರಿಕೊಂಡು ಹೋಗುತ್ತವೆ. ಹೆಸರುವಾಸಿಯಾದ ಕೆರೆಯ ದಂಡೆಯಲ್ಲಿ ಅರ್ಧ ದಿನ ಕೂತೆ. ಅಷ್ಟು ಜನರ ನಡುವೆ ನನಗೆ ಒಂದು ಅಕ್ಷರವೂ ಓದಲು ಬರುತ್ತಿರಲಿಲ್ಲ. ಅಂಗಡಿಯ ಫಲಕ, ಬಸ್ಸಿನ ಬೋರ್ಡು, ಶೌಚಾಲಯದ ಬಾಗಿಲು, ಯಾವುದೂ ಇಲ್ಲ. ಓದಲು ಬಾರದ ರೈತರು ನನ್ನ ನಕ್ಷೆಯ ಕೆಳಗೆ ಹೆಬ್ಬೆಟ್ಟು ಒತ್ತುವಾಗ ಆ ಕಾಗದವನ್ನು ಹೇಗೆ ನೋಡುತ್ತಿದ್ದರೋ ಹಾಗೆ ನಾನು ಆ ಊರನ್ನು ನೋಡಿದೆ.

ಸಂಜೆ ಹೊಟ್ಟೆ ಹಸಿದಿತ್ತು. ಒಂದು ಬೀದಿಯ ತಿರುವಿನಲ್ಲಿ ಹಸಿರು ಫಲಕದ ಮೇಲೆ ಅರಬ್ಬಿ ಅಕ್ಷರ ಕಂಡಿತು. ಹಲಾಲ್ ಎಂದಿತ್ತು. ಓಡಿಹೋದೆ ಎಂದರೂ ಸುಳ್ಳಲ್ಲ. ಬಿಳಿ ಟೋಪಿಯ ಮಾಲೀಕ ಹಿಟ್ಟಿನ ಹಗ್ಗವನ್ನು ಎಳೆದೆಳೆದು ದಾರದಂತಹ ಶಾವಿಗೆ ಮಾಡುತ್ತಿದ್ದ. ನಾನು ಸಲಾಂ ಹೇಳಿದೆ. ಅವನ ಮುಖ ಅರಳಿತು. ಹಿಟ್ಟಿನ ಕೈಯನ್ನೇ ಎದೆಗಿಟ್ಟುಕೊಂಡು ಪೂರ್ತಿ ಸಲಾಂ ತಿರುಗಿಸಿದ.

ಅಲ್ಲಿಗೆ ನಮ್ಮ ಮಾತು ಮುಗಿಯಿತು. ಅವನಿಗೆ ಬರುವ ಭಾಷೆ ನನಗೆ ಬಾರದು, ನನಗೆ ಬರುವ ನಾಲ್ಕರಲ್ಲಿ ಒಂದೂ ಅವನಿಗೆ ಬಾರದು. ಅವನು ಮತ್ತೊಮ್ಮೆ ನಕ್ಕ, ನಾನೂ ನಕ್ಕೆ. ಬಟ್ಟಲಿಗೆ ಎರಡು ತುಂಡು ಹೆಚ್ಚು ಮಾಂಸ ಹಾಕಿ ತಂದಿಟ್ಟು ಎದುರಿಗೇ ಕೂತ. ನಾನು ಉಂಡು ಮುಗಿಸುವವರೆಗೆ ಇಬ್ಬರೂ ಏನಾದರೂ ಹೇಳಬೇಕೆಂದು ಕಾದೆವು. ಬಾಗಿಲವರೆಗೆ ಬಂದು ಕಳಿಸಿಕೊಟ್ಟ. ಬೀದಿಗೆ ಬಂದಾಗ, ಅಂಗಡಿಗೆ ಹೋಗುವ ಮುಂಚಿಗಿಂತ ಹೆಚ್ಚು ಒಬ್ಬಂಟಿ ಅನ್ನಿಸಿತು.

ಬೆಟ್ಟದ ಬಸ್ಸು

ವೇಗದ ರೈಲಿನಲ್ಲಿ ಒಂದು ಸಣ್ಣ ಪಟ್ಟಣಕ್ಕೆ ಬಂದು, ಅಲ್ಲಿ ಒಂದು ರಾತ್ರಿ ತಂಗಿ, ಬೆಳಗಿನ ಮೊದಲ ಬಸ್ಸಿಗೆ ಬೆಟ್ಟ ಹತ್ತಿದೆ. ಆ ಹಳ್ಳಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಾರಣ ಮುಂದೆ ತಿಳಿಯುತ್ತದೆ.

ಬಸ್ಸು ಸಣ್ಣದು. ಬೆಟ್ಟದ ಬುಡದಲ್ಲಿ ಸಾಲಾಗಿ ನಿಂತ ಹೊಸ ಕಟ್ಟಡಗಳ ಹತ್ತಿರ ನಿಂತಾಗ ಬುಟ್ಟಿ ಹೊತ್ತ ಮುದುಕಿಯರು ಏಳೆಂಟು ಮಂದಿ ಹತ್ತಿದರು. ಪ್ರವಾಸಿಗರ ಊರಿಗೆ ಇಷ್ಟು ಮುಂಜಾನೆ ಇವರು ಯಾಕೆ ಹೋಗುತ್ತಾರೆಂದು ನನಗೆ ಆಗ ತಿಳಿಯಲಿಲ್ಲ. ಎಲ್ಲ ಸೀಟು ತುಂಬಿದವು, ನನ್ನ ಪಕ್ಕದ್ದು ಬಿಟ್ಟು. ಇಬ್ಬರು ನಿಂತೇ ಇದ್ದರು, ಕೂರಲಿಲ್ಲ. ನಾನು ಕಿಟಕಿಗೆ ಒತ್ತಿಕೊಂಡು ಜಾಗ ತೋರಿಸಿದೆ. ಅವರು ನಾಚಿ ಬೇರೆ ಕಡೆ ನೋಡಿದರು. ಕೊನೆಗೆ ಒಬ್ಬಳು ತನ್ನ ಬುಟ್ಟಿಯನ್ನು ತಂದು ಆ ಸೀಟಿನ ಮೇಲಿಟ್ಟಳು. ಬುಟ್ಟಿಯಲ್ಲಿ ಒಂದು ಕೋಳಿ ಇತ್ತು. ದಾರಿಯುದ್ದಕ್ಕೂ ಅದು ನನ್ನ ಚೀಲ ಕುಕ್ಕುತ್ತಾ ಬಂತು. ಜೋಳದ ವಾಸನೆ ಯಾವ ದೇಶದ ಕೋಳಿಗೂ ತಿಳಿಯುತ್ತದೆ.

ಬಿದಿರಿನ ಕಾಡು, ಅದರ ಮೇಲೆ ಮೆಟ್ಟಿಲು ಮೆಟ್ಟಿಲಾದ ಗದ್ದೆ, ಅದರ ಮೇಲೆ ಮಂಜು. ನಮ್ಮ ಕಡೆ ಅಗರಖೇಡದಂಥ ಊರಲ್ಲಿ ನಿಂತವನು ಕಣ್ಣು ಬಿಟ್ಟರೆ ಮುಂದಿನ ಊರಿನ ಬೇವಿನ ಗಿಡ ಕಾಣುತ್ತದೆ. ಬಯಲಿನವನಿಗೆ ಬೆಟ್ಟದಲ್ಲಿ ಕಣ್ಣು ಕಟ್ಟಿದಂತಾಗುತ್ತದೆ. ಪ್ರತಿ ತಿರುವಿನಲ್ಲೂ ಇನ್ನೊಂದು ಬೆಟ್ಟ ಎದ್ದು ನಿಂತು ಹಿಂದಿನದನ್ನು ಮುಚ್ಚುತ್ತಿತ್ತು.

ಮೊದಲ ದಿನ

ಊರು ಚಿತ್ರದಲ್ಲಿದ್ದಂತೆಯೇ ಇತ್ತು. ಚಿತ್ರದಲ್ಲಿ ಇಲ್ಲದ್ದು ಮೌನ. ಹಂಗಾಮು ಅಲ್ಲದ ದಿನ, ವಾರದ ನಡುವೆ. ಕಲ್ಲಿನ ಮೆಟ್ಟಿಲ ಓಣಿಗಳಲ್ಲಿ ನನ್ನ ಬೂಟಿನ ಸದ್ದೇ ನನಗೆ ಕೇಳುತ್ತಿತ್ತು. ಕೆಳಗಿನ ಓಣಿಯ ಮನೆಗಳು ವಸತಿಗೃಹ, ಚಹಾದ ಅಂಗಡಿ, ಫೋಟೋ ತೆಗೆಸಿಕೊಳ್ಳುವ ಜಾಗ ಆಗಿದ್ದವು. ಹೊರಗೆ ಮಣ್ಣಿನ ಗೋಡೆ, ಒಳಗೆ ಗಾಜು ಮತ್ತು ಬಿಳಿ ಹಾಸಿಗೆ. ಮಾಳಿಗೆಗಳ ಮೇಲೆ ಅಗಲವಾದ ಬಿದಿರಿನ ಮೊರಗಳಲ್ಲಿ ಕೆಂಪು ಮೆಣಸಿನಕಾಯಿ, ಗೋವಿನಜೋಳ ಒಣಹಾಕಿದ್ದರು. ಸೊಗಸಾಗಿತ್ತು. ಹತ್ತಿರ ಹೋಗಿ ನೋಡಿದರೆ ಕೆಲವು ಮೊರದ ಕಾಯಿ ಹೋದ ವರ್ಷದ್ದು, ಬಣ್ಣ ಹೋಗಿತ್ತು. ಫೋಟೋಕ್ಕಾಗಿ ಇಟ್ಟದ್ದು.

ನಾನು ತಂಗಿದ ಮನೆ ಲಿನ್ ಎಂಬ ಹೆಣ್ಣುಮಗಳದು. ಮೂವತ್ತೈದರ ಆಸುಪಾಸು, ಬೇರೆ ಜಿಲ್ಲೆಯವಳು, ಇಲ್ಲಿಗೆ ಬಂದು ವಸತಿಗೃಹ ನಡೆಸುತ್ತಿದ್ದಳು. ಆ ದಿನ ಇದ್ದ ಅತಿಥಿ ನಾನೊಬ್ಬನೇ. ಅವಳು ಫೋನಿನಲ್ಲಿ ಚೀನೀ ಮಾತಾಡಿದರೆ ಅದು ಇಂಗ್ಲಿಷಿನಲ್ಲಿ ನನಗೆ ಹೇಳುತ್ತಿತ್ತು, ನನ್ನ ಇಂಗ್ಲಿಷನ್ನು ಅವಳಿಗೆ ಹೇಳುತ್ತಿತ್ತು. ಫೋನಿಗೆ ಕನ್ನಡವೂ ಬರುತ್ತದೆ ಎಂದು ಅವಳೇ ಹುಡುಕಿ ತೋರಿಸಿದಳು. ನನಗೆ ಬಹಳ ಖುಷಿಯಾಯಿತು. “ನನಗ ತಣ್ಣೀರ ಬೇಕಾಗೇತಿ,” ಎಂದೆ. ಫೋನು ತುಸು ಯೋಚಿಸಿ ಏನೋ ಹೇಳಿತು. ಲಿನ್ ಗಾಬರಿಯಿಂದ ನನ್ನ ಹಣೆ ಮುಟ್ಟಿ ನೋಡಿದಳು. ಅದು ಏನು ಹೇಳಿತೋ ಇಂದಿಗೂ ಗೊತ್ತಿಲ್ಲ. ಅಂದಿನಿಂದ ಇಂಗ್ಲಿಷಿನಲ್ಲೇ ಮಾತಾಡಿದೆ, ಮತ್ತು ಅವರು ಕೊಡುವ ಬಿಸಿನೀರನ್ನೇ ಕುಡಿದೆ. ಮಣ್ಣಿನ ಹರವಿಯ ತಣ್ಣನೆಯ ನೀರು ಕುಡಿದು ಬೆಳೆದವನಿಗೆ ಅಲ್ಲಿ ತಣ್ಣೀರು ಸಿಗುವುದು ಕಷ್ಟ.

ಮಾಂಸ ಬೇಡ ಎಂದು ಹೇಳಿದ್ದೆ. ಊಟಕ್ಕೆ ತಂದ ಸೊಪ್ಪಿನ ಮೇಲೆ ಕೆಂಪು ಚೂರುಗಳಿದ್ದವು. ಇದು ಮಾಂಸವಲ್ಲ, ರುಚಿಗೆ ಹಾಕಿದ್ದು ಎಂದು ಫೋನು ಹೇಳಿತು. ಅವಳಿಗೆ ಬೇಜಾರಾಗದಂತೆ ಪಕ್ಕಕ್ಕೆ ಸರಿಸಿ, ರೊಟ್ಟಿ ಹಿಂಡಿ ತೆಗೆದು ಉಂಡೆ. ಅವಳು ಒಂದು ಚೂರು ರೊಟ್ಟಿ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಗೌರವದಿಂದ ಜಗಿದಳು.

ಎರಡನೆಯ ದಿನ

ಬೆಳಿಗ್ಗೆ ಎದ್ದಾಗ ಮಂಜು. ಹತ್ತು ಹೆಜ್ಜೆ ಮುಂದಿನದು ಕಾಣುತ್ತಿರಲಿಲ್ಲ. ಮೆಟ್ಟಿಲು ಹತ್ತುತ್ತಾ ಹೋದೆ. ಮೇಲಿನ ಓಣಿಯ ಮನೆಗಳು ಇನ್ನೂ ವಸತಿಗೃಹ ಆಗಿರಲಿಲ್ಲ. ಬೀಗ ಹಾಕಿದ್ದವು, ಕೆಲವು ಕುಸಿದಿದ್ದವು. ಒಂದು ಮನೆಯ ಬಾಗಿಲು ಮಾತ್ರ ತೆರೆದಿತ್ತು. ಒಳಗೆ ನಡುವೆ ಆಕಾಶಕ್ಕೆ ತೆರೆದ ಅಂಗಳ, ಸುತ್ತ ಮರದ ಕಂಬದ ಪಡಸಾಲೆ. ನಮ್ಮ ಮನೆಗಳಲ್ಲಿ ಮಾಳಿಗೆಯ ಬೆಳಕಿಂಡಿಯಿಂದ ಒಂದು ಕೋಲು ಬಿಸಿಲು ಇಳಿಯುತ್ತದೆ. ಇಲ್ಲಿ ಅಂಗಳದಿಂದ ಮಂಜೇ ಮನೆಯೊಳಗೆ ಇಳಿದು ಕೂತಿತ್ತು.

ಪ್ರವಾಸಿಗರು ನೋಡಲೆಂದೇ ತೆರೆದಿಟ್ಟಿದ್ದಾರೆ ಅಂದುಕೊಂಡೆ. ಒಳಗೆ ಕಾಲಿಟ್ಟೆ. ಗೋಡೆಯ ದಪ್ಪ ಕಂಡು ಕೈ ಸುಮ್ಮನಿರಲಿಲ್ಲ. ಗೇಣು ಹಾಕಿದೆ, ಎರಡು ಗೇಣಿನ ಮೇಲಿತ್ತು. ಮಣ್ಣನ್ನು ಹಲಗೆಯ ನಡುವೆ ಸುರಿದು ಕುಟ್ಟಿ ಎಬ್ಬಿಸಿದ ಗೋಡೆ. ಆಮೇಲೆ ಅಂಗಳದ ಉದ್ದ ಹೆಜ್ಜೆಯಲ್ಲಿ ಎಣಿಸಿದೆ. ಅಗಲ ಎಣಿಸಿದೆ. ಜೇಬಿನಿಂದ ಟಿಪ್ಪಣಿ ಪುಸ್ತಕ ತೆಗೆದು ಬರೆದುಕೊಂಡೆ. ಮೂವತ್ತು ವರ್ಷದ ಚಟ. ಮಸೀದಿಗೆ ಹೋದರೂ, ಬೀಗರ ಮನೆಗೆ ಹೋದರೂ ನಾನು ಇದನ್ನು ಮಾಡುತ್ತೇನೆ, ಮನೆಯಾಕೆ ಬೈಯುತ್ತಾಳೆ.

ಹಿಂದೆ ಏನೋ ಬಿದ್ದ ಸದ್ದಾಯಿತು. ತಿರುಗಿದರೆ ಒಳಕೋಣೆಯ ಬಾಗಿಲಲ್ಲಿ ಒಬ್ಬ ಮುದುಕಿ. ಎಂಬತ್ತು ದಾಟಿರಬೇಕು. ಕೈಯಲ್ಲಿದ್ದ ತಟ್ಟೆ ಬಿದ್ದು ಶೇಂಗಾ ಚೆಲ್ಲಿತ್ತು. ಅವಳು ನನ್ನ ಮುಖ ನೋಡಲಿಲ್ಲ, ನನ್ನ ಪುಸ್ತಕ ನೋಡುತ್ತಿದ್ದಳು. ನಾನು ಕೈ ಮುಗಿದೆ, ಸಲಾಂ ಮಾಡಿದೆ, ನಕ್ಕೆ. ಅವಳು ಮೂಲೆಯ ಬಿದಿರಿನ ಕಸಬರಿಗೆ ಎತ್ತಿಕೊಂಡು ನನ್ನ ಕಡೆ ಬಂದಳು. ಹೊಡೆಯಲಿಲ್ಲ. ನನ್ನ ಕಾಲ ಮುಂದಿನ ನೆಲವನ್ನು ಗುಡಿಸುತ್ತಾ ಗುಡಿಸುತ್ತಾ, ಏನೋ ಹೇಳುತ್ತಾ, ಹೊಸ್ತಿಲ ಹೊರಗೆ ನನ್ನನ್ನು ದಾಟಿಸಿದಳು. ಆಮೇಲೆ ಹೊಸ್ತಿಲ ಮೇಲೆ ಕುಸಿದು ಕೂತು ಅಳತೊಡಗಿದಳು. ಸದ್ದಿಲ್ಲದ ಅಳು.

ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ಹತ್ತಿರ ಹೋದರೆ ಕಸಬರಿಗೆ ಎತ್ತುತ್ತಿದ್ದಳು, ದೂರ ಹೋಗಲು ಮನಸ್ಸು ಒಪ್ಪುತ್ತಿರಲಿಲ್ಲ. ಅಂತೂ ಕೆಳಗೆ ಓಡಿ ಲಿನ್‌ಳನ್ನು ಕರೆದುಕೊಂಡು ಬಂದೆ. ಅವಳು ಹೊಸ್ತಿಲ ಬಳಿ ಕೂತು ಅಜ್ಜಿಯ ಕೈ ಹಿಡಿದು ಬಹಳ ಹೊತ್ತು ಮಾತಾಡಿ ಬಂದಳು. ದಾರಿಯಲ್ಲಿ ಫೋನಿನ ಮೂಲಕ ನನಗೆ ಹೇಳಿದಳು.

ಈ ಊರಿನ ಮನೆಗಳನ್ನೆಲ್ಲ ಒಂದು ಕಂಪನಿ ಪ್ರವಾಸೋದ್ಯಮಕ್ಕೆ ತೆಗೆದುಕೊಂಡಿದೆ. ಊರವರಿಗೆ ಬೆಟ್ಟದ ಬುಡದಲ್ಲಿ ಹೊಸ ಮನೆ ಕೊಟ್ಟಿದ್ದಾರೆ. ನಾನು ಬಸ್ಸಿನಲ್ಲಿ ಕಂಡ ಮುದುಕಿಯರು ಅಲ್ಲಿಯವರು. ದಿನಾ ಬೆಳಿಗ್ಗೆ ಮೇಲೆ ಬರುತ್ತಾರೆ. ಕೆಲವರು ಕಂಪನಿಯ ಕೆಲಸಕ್ಕೆ ಬರುತ್ತಾರೆ. ಈ ಅಜ್ಜಿ ಯಾವ ಕೆಲಸಕ್ಕೂ ಬರುವುದಿಲ್ಲ. ತನ್ನ ಮನೆ ಗುಡಿಸಿ, ಒಲೆ ಹೊತ್ತಿಸಿ, ಒಬ್ಬಳೇ ಉಂಡು, ನಾಲ್ಕು ಗಂಟೆಯ ಬಸ್ಸಿಗೆ ಇಳಿದುಹೋಗುತ್ತಾಳೆ. ಮೇಲಿನ ಓಣಿಯ ಕೆಲಸ ಶುರುವಾಗುವ ಮುಂಚೆ ಮತ್ತೊಮ್ಮೆ ಅಳತೆಯವರು ಬರುತ್ತಾರೆ ಎಂದು ಅವಳಿಗೆ ಹೇಳಿದ್ದರು. ಪುಸ್ತಕ ಹಿಡಿದು ಹೆಜ್ಜೆ ಎಣಿಸುತ್ತಿದ್ದ ನನ್ನನ್ನು ಕಂಡು ಆ ದಿನ ಬಂತು ಅಂದುಕೊಂಡಳು.

ನಾನು ಯಾರು, ಏನು ಕೆಲಸ ಮಾಡುತ್ತಿದ್ದೆ ಎಂದು ಲಿನ್‌ಗೆ ಹೇಳಬಹುದಾಗಿತ್ತು. ಹೇಳಲಿಲ್ಲ.

ಇಳಿಹೊತ್ತಿನಲ್ಲಿ ಮಂಜು ಸ್ವಲ್ಪ ಸರಿದಾಗ, ನನ್ನ ಫೋನಿಗೆ ಸಿಗ್ನಲ್ ಸಿಗುವ ಒಂದೇ ಜಾಗವಾದ ಬಾವಿಯ ಕಟ್ಟೆಗೆ ಹೋಗಿ ಮಲ್ಲಪ್ಪನಿಗೆ ಕರೆ ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ.

“ನಾಳೆ ಹೋಗಿ ಮಾಫಿ ಕೇಳು,” ಎಂದ.

“ಆಕಿ ಭಾಷಾ ನನಗ ಬರೂದಿಲ್ಲ.”

“ಬರದಿದ್ರ ಸುಮ್ನ ಕುಂದ್ರು. ಕುಂತ ಮನಶ್ಯಾ ಅಳತಿ ಮಾಡೂದಿಲ್ಲ. ಅದು ಆಕಿಗೂ ತಿಳೀತೈತಿ.”

ಮೂರನೆಯ ದಿನ

ಬೆಳಗಿನ ಬಸ್ಸು ಬಂದ ಸದ್ದಾದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಮೇಲೆ ಹೋದೆ. ಟಿಪ್ಪಣಿ ಪುಸ್ತಕ ಜೇಬಿನ ಒಳಗಿತ್ತು. ಅವಳ ಮನೆಯ ಎದುರಿನ ಮೆಟ್ಟಿಲ ಮೇಲೆ, ಹೊಸ್ತಿಲಿನಿಂದ ಆರೇಳು ಮಾರು ದೂರ, ಕೂತೆ. ಅವಳು ಗುಡಿಸಲು ಹೊರಗೆ ಬಂದಳು, ನೋಡಿದಳು, ಒಳಗೆ ಹೋದಳು. ಬಾಗಿಲು ಹಾಕಲಿಲ್ಲ. ಹೊಗೆ ಎದ್ದಿತು. ಒಂದು ಗಂಟೆ ಆಯಿತು. ಕಲ್ಲು ತಣ್ಣಗಿತ್ತು, ಮಂಜಿನ ಹನಿ ಕೊರಳೊಳಗೆ ಇಳಿಯುತ್ತಿತ್ತು. ಎರಡನೆಯ ಸಲ ಹೊರಬಂದು ಮೊರದಲ್ಲಿ ಮೂಲಂಗಿಯ ಚೂರು ಹರಡಿದಳು. ಮೂರನೆಯ ಸಲ ಬಂದಾಗ ಅವಳ ಕೈಯಲ್ಲಿ ಒಂದು ಬಟ್ಟಲು ಬಿಸಿನೀರಿತ್ತು. ನನ್ನ ಪಕ್ಕದ ಮೆಟ್ಟಿಲ ಮೇಲಿಟ್ಟು ಹೋದಳು.

ಆ ಬಿಸಿನೀರು ಕುಡಿದೆ. ಅಳತೆಗೆ ಹೋದ ಊರುಗಳಲ್ಲಿ ನೀರು ಕೇಳಿ ಸಿಗದೆ ಬಂದ ಮಧ್ಯಾಹ್ನಗಳು ನೆನಪಾದವು.

ಬಟ್ಟಲು ಹಿಂದಕ್ಕೆ ಕೊಡುವಾಗ ಎರಡು ರೊಟ್ಟಿ ಮತ್ತು ಹಿಂಡಿ ಕೊಟ್ಟೆ. ಅವಳಿಗೆ ಹಲ್ಲಿರಲಿಲ್ಲ. ರೊಟ್ಟಿಯನ್ನು ಬಿಸಿನೀರಿನಲ್ಲಿ ನೆನೆಸಿ, ಹಿಂಡಿ ಕಲಸಿ, ಚಮಚದಲ್ಲಿ ತಿಂದಳು. ನಮ್ಮಲ್ಲಿ ವಯಸ್ಸಾದವರು ತಿನ್ನುವುದೂ ಹಾಗೆಯೇ. ಖಾರಕ್ಕೆ ಕಣ್ಣೀರು ಬಂತು, ಆದರೂ ಬಟ್ಟಲು ಖಾಲಿ ಮಾಡಿದಳು. ಪಡಸಾಲೆಯ ಬೆಂಚಿನ ಮೇಲೆ ನನಗೆ ಜಾಗ ತೋರಿಸಿದಳು.

ಮಧ್ಯಾಹ್ನ ಲಿನ್ ನನ್ನನ್ನು ಹುಡುಕಿಕೊಂಡು ಬಂದಳು. ಆಗ ನನ್ನ ಕೆಲಸದ ವಿಷಯ ಹೇಳಿದೆ. ಅಜ್ಜಿಯ ಬೆಟ್ಟದ ಮಾತು ಫೋನಿಗೆ ತಿಳಿಯದು. ಅದನ್ನು ಲಿನ್ ಕೇಳಿ ಚೀನಿಯಲ್ಲಿ ಫೋನಿಗೆ ಹೇಳಬೇಕು, ಫೋನು ಇಂಗ್ಲಿಷಿನಲ್ಲಿ ನನಗೆ ಹೇಳಬೇಕು. ಒಂದೊಂದು ಮಾತೂ ಮೂರು ಮನೆ ಹಾದು ಬರುತ್ತಿತ್ತು. ಆದರೂ ನನ್ನ ಕಿವಿಗೆ ಬೀಳುವಾಗ ಅದು ನಮ್ಮ ಕಡೆಯ ಮಾತಾಗಿಯೇ ಬೀಳುತ್ತಿತ್ತು. ನಾನು ಸರ್ಕಾರಕ್ಕಾಗಿ ಮನೆಗಳನ್ನು ಅಳೆಯುತ್ತಿದ್ದೆ ಎಂದೆ. ಆ ಊರುಗಳೆಲ್ಲ ಈಗ ನೀರಿನ ಕೆಳಗಿವೆ ಎಂದೆ. ನಿನ್ನೆ ಎಣಿಸಿದ್ದು ಚಟದಿಂದ, ಅದಕ್ಕೆ ಕ್ಷಮೆ ಕೇಳಲು ಬಂದೆ ಎಂದೆ.

ಅಜ್ಜಿ ಯೋಚಿಸಿ ಒಂದೇ ಪ್ರಶ್ನೆ ಕೇಳಿದಳು.

“ನಿನ್ನ ಮನಿ ಯಾರ ಅಳದ್ರು?”

“ನಾನ,” ಎಂದೆ. “ನಮ್ಮೂರಿಗೆ ಬ್ಯಾರೆಯವರ್ನ ಕಳಸಬೇಕಿತ್ತು. ಮಂದಿ ಕಡಿಮಿ ಇದ್ರು, ನನ್ನ ಕಳಿಸಿದ್ರು.”

ಅವಳು ಎದ್ದು ಒಳಗೆ ಹೋಗಿ ಬಿಸ್ಕೀಟಿನ ಒಂದು ತಗಡಿನ ಡಬ್ಬಿ ತಂದಳು. ಅದರೊಳಗಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ನನ್ನ ತೊಡೆಯ ಮೇಲೆ ಬಿಡಿಸಿಟ್ಟಳು.

ಅವಳ ಮನೆಯ ನಕ್ಷೆ. ಆ ದೇಶಕ್ಕೆ ಕಾಲಿಟ್ಟ ಮೇಲೆ ನನಗೆ ಓದಲು ಬಂದ ಮೊದಲ ಕಾಗದ ಅದು. ಅಕ್ಷರ ಬಿಡಿ, ಗೆರೆಗಳೆಲ್ಲ ನನ್ನ ಭಾಷೆಯವು. ದಪ್ಪ ಗೆರೆ ಗೋಡೆ, ಕಾಲು ವೃತ್ತ ಬಾಗಿಲು, ಚುಕ್ಕೆ ಗೆರೆ ಮೇಲಿನ ಅಟ್ಟ, ಮೂಲೆಯ ಬಾಣ ಉತ್ತರ ದಿಕ್ಕು. ಬರೆದವನ ಕೈ ಚೊಕ್ಕವಾಗಿತ್ತು. ಅವನು ಯಾರೋ, ಎಲ್ಲಿಯವನೋ, ಅವನ ಪಕ್ಕ ಕೂತು ಒಂದು ಕಪ್ ಚಹಾ ಕುಡಿಯಬಹುದಾಗಿತ್ತು ಅನ್ನಿಸಿತು.

ಅಜ್ಜಿಗೆ ಓದಲು ಬಾರದು. ಅಳೆದವರು ಏನು ಬರೆದರೋ ತಿಳಿಯದು. ಹಿಂದಿನ ಕೋಣೆ ಬಿಟ್ಟಿದ್ದಾರೆ, ಮನೆಯನ್ನು ಸಣ್ಣದಾಗಿ ತೋರಿಸಿದ್ದಾರೆ ಎಂದು ಅವಳಿಗೆ ಅಂದಿನಿಂದ ಗುಮಾನಿ. ಕೇಳಿದರೆ ಯಾರೂ ಸರಿಯಾಗಿ ಹೇಳಲಿಲ್ಲ. ನೀನು ಬಲ್ಲವನು, ಅಳೆದು ನೋಡಿ ಹೇಳು ಎಂದಳು.

ಟೇಪು ಇರಲಿಲ್ಲ. ಅವಳು ಅಟ್ಟದಿಂದ ಒಂದು ಮರದ ಕೋಲು ತರಿಸಿದಳು. ಅವಳ ಗಂಡ ಬಡಗಿಯಾಗಿದ್ದನಂತೆ, ಈ ಮನೆಯ ಕಂಬಗಳನ್ನು ಅವನೇ ಕೆತ್ತಿದ್ದನಂತೆ. ಕೋಲಿನ ಮೇಲೆ ಗೀರುಗಳಿದ್ದವು. ನನ್ನ ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ಸೆಂಟಿಮೀಟರಿನ ಗುರುತು ಅಚ್ಚಾಗಿತ್ತು. ಅದಕ್ಕೆ ಹಿಡಿದು ನೋಡಿದೆ, ಅವರ ಮೂರು ಗೀರಿಗೆ ನಮ್ಮ ಒಂದು ಮೀಟರು. ಶುರು ಮಾಡಿದೆವು. ಉದ್ದದ ಗೋಡೆಗೆ ಹಗ್ಗ ಕಟ್ಟಿ, ಹಗ್ಗವನ್ನು ಕೋಲಿನಿಂದ ಅಳೆದೆವು. ಹಗ್ಗದ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ಅಜ್ಜಿಯ ಕೈಯಲ್ಲಿ. ಅವಳು ಎರಡೂ ಕೈಯಿಂದ ಎದೆಗೆ ಒತ್ತಿ ಹಿಡಿಯುತ್ತಿದ್ದಳು, ಸಡಿಲ ಬಿಡುತ್ತಿರಲಿಲ್ಲ. ನನ್ನ ಸೇವೆಯಲ್ಲಿ ಟೇಪಿನ ಇನ್ನೊಂದು ತುದಿ ಹಿಡಿಯಲು ಮನೆಯವರನ್ನು ನಾನು ಒಮ್ಮೆಯೂ ಕರೆದಿರಲಿಲ್ಲ. ಜವಾನ ಹಿಡಿಯುತ್ತಿದ್ದ. ಮನೆಯವರು ಅಂಗಳದಲ್ಲಿ ನಿಂತು ನೋಡುತ್ತಿದ್ದರು.

ಅಂಗಳ, ಪಡಸಾಲೆ, ಒಲೆಯ ಕೋಣೆ, ಮಲಗುವ ಕೋಣೆ, ಹಿಂದಿನ ಕೋಣೆ. ಎರಡು ತಾಸು ಬೇಕಾಯಿತು. ಒಂದೊಂದನ್ನೂ ನಕ್ಷೆಗೆ ಹೋಲಿಸುತ್ತಾ ಬಂದೆ. ಲಿನ್ ಕೋಲು ಹಿಡಿದು ಸುತ್ತುತ್ತಿದ್ದಳು. ಅವಳು ಕೆಳಗಿನ ಓಣಿಯ ಇಂಥದೇ ಮನೆಯಲ್ಲಿ ವಸತಿಗೃಹ ನಡೆಸುವವಳು. ನಡುವೆ ಒಮ್ಮೆ, ತನ್ನ ಮನೆಯ ಹಳೆಯ ಯಜಮಾನರನ್ನು ತಾನು ಒಮ್ಮೆಯೂ ನೋಡಿಲ್ಲ ಎಂದಳು.

ಕೊನೆಗೆ ಲೆಕ್ಕ ಮುಗಿಯಿತು. ಹಿಂದಿನ ಕೋಣೆ ನಕ್ಷೆಯಲ್ಲಿತ್ತು. ಅಟ್ಟವೂ ಇತ್ತು. ಎಲ್ಲ ಅಂಕಿಯೂ ಕೂಡಿತು. ಎಲ್ಲೂ ಒಂದು ಬೆರಳು ಹೆಚ್ಚು ಕಡಿಮೆ ಇರಲಿಲ್ಲ. ನಾನು ಅಳೆದಿದ್ದರೂ ಇಷ್ಟೇ ಬರೆಯುತ್ತಿದ್ದೆ.

ಅಜ್ಜಿ ನನ್ನ ಮುಖ ನೋಡುತ್ತಿದ್ದಳು. ನನಗೆ ನಮ್ಮೂರಿನ ಗಂಗವ್ವ ಕಣ್ಣಮುಂದೆ ಬಂದಳು. ನೆರೆಮನೆಯವಳು, ನಾನು ದೊಡ್ಡವ್ವ ಎಂದೇ ಕರೆಯುತ್ತಿದ್ದೆ. ನಮ್ಮ ಹುಡುಗ ಅಳೆಯಲು ಬಂದಿದ್ದಾನೆ, ನಾಲ್ಕು ಅಂಗುಲ ಜಾಸ್ತಿ ಹಾಕುತ್ತಾನೆ ಎಂದು ಊರವರಿಗೆ ಆಸೆ ಇತ್ತು. ನಾನು ಯಾರಿಗೂ ಒಂದು ಅಂಗುಲ ಜಾಸ್ತಿ ಹಾಕಲಿಲ್ಲ, ಕಡಿಮೆಯೂ ಮಾಡಲಿಲ್ಲ. ಅದು ನನ್ನ ಹೆಮ್ಮೆಯಾಗಿತ್ತು. ಅವಳ ಮನೆ ಅಳೆದು ಮುಗಿಸಿದಾಗ ಗಂಗವ್ವ, “ಅಳತಿ ಸರಿ ಐತೇನೋ ದಸ್ತಗೀರ?” ಎಂದು ಕೇಳಿದಳು. “ಅಗದೀ ಸರಿ ಐತಿ ದೊಡ್ಡವ್ವ,” ಎಂದೆ. ಶಹಬ್ಬಾಸ್ ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳು “ಹಂಗಾರ ಮುಗೀತು,” ಎಂದು ಒಳಗೆ ಹೋದಳು. ಅವಳು ಹಾಗೇಕೆ ಅಂದಳೋ ನನಗೆ ಆಗ ತಿಳಿದಿರಲಿಲ್ಲ.

ಸುಳ್ಳು ಹೇಳಬಹುದಾಗಿತ್ತು. ಸ್ವಲ್ಪ ಕಡಿಮೆ ಇದೆ ಅಂದಿದ್ದರೆ ಅವಳಿಗೆ ಜಗಳಕ್ಕೆ ಒಂದು ಕಾರಣ, ಕಾಯಲು ಒಂದು ಆಸೆ ಉಳಿಯುತ್ತಿತ್ತು. ಲಿನ್ ಕೂಡ ಫೋನು ಹಿಡಿದು ಕಾಯುತ್ತಿದ್ದಳು. ನಾನು ಸರಿ ಇದೆ ಎಂದೆ.

ಹಗ್ಗದ ತುದಿ ಇನ್ನೂ ಅಜ್ಜಿಯ ಕೈಯಲ್ಲಿತ್ತು. ಅದನ್ನು ನಿಧಾನವಾಗಿ ಮೊಣಕೈಗೆ ಸುತ್ತುತ್ತಾ ಹೋದಳು. ಸುತ್ತಿ ಮುಗಿದ ಮೇಲೆ ಗೂಟಕ್ಕೆ ಹಾಕಿ, ನನ್ನ ತೋಳು ಹಿಡಿದು ಎಬ್ಬಿಸಿ, ಹಿತ್ತಲ ಬಾಗಿಲಿನಿಂದ ಹೊರಗೆ ಕರೆದುಕೊಂಡು ಹೋದಳು.

ಮನೆಯ ಹಿಂದೆ, ಗದ್ದೆಯ ಅಂಚಿನಲ್ಲಿ, ಒಂದು ಮುದಿ ಗಿಡ. ಎಲೆಯೆಲ್ಲ ಉದುರಿ ಬರಿ ಹಣ್ಣು ಉಳಿದಿದ್ದವು, ಟೊಮೆಟೊದಂತಹ ಕೇಸರಿ ಹಣ್ಣು, ಮಂಜಿನಲ್ಲಿ ಹೊತ್ತಿಸಿಟ್ಟ ಪಣತಿಗಳಂತೆ. ಪರ್ಸಿಮನ್ ಎಂದು ಫೋನು ಹೆಸರು ಹೇಳಿತು. ಒಂದು ದಪ್ಪ ಕೊಂಬೆ ಮನೆಯ ಹೆಂಚಿನ ಮೇಲೆ ಮೊಣಕೈ ಊರಿದಂತೆ ಬಾಗಿತ್ತು. ಅಜ್ಜಿ ನಕ್ಷೆ ಬಿಡಿಸಿ, ಹಿಂದಿನ ಗೋಡೆಯ ಆಚೆಗಿನ ಖಾಲಿ ಜಾಗದ ಮೇಲೆ ಬೆರಳು ಬಡಿದಳು.

ಇದು ಮನೆಯ ನಕ್ಷೆ, ಗೋಡೆಯ ಆಚೆಯದು ಇದರಲ್ಲಿ ಬರುವುದಿಲ್ಲ, ಗಿಡಮರಕ್ಕೆ ಬೇರೆ ಪಟ್ಟಿ ಇರುತ್ತದೆ ಎಂದು ವಿವರಿಸಿದೆ. ಇದನ್ನೇ ನಾನು ಎಷ್ಟು ಅಂಗಳಗಳಲ್ಲಿ ಹೇಳಿದ್ದೇನೋ. ಅಜ್ಜಿ ಲಿನ್‌ಗೆ ಹೇಳಿದಳು, ಲಿನ್ ನನಗೆ.

“ಗಿಡ ಮೊದಲಿಂದ ಇತ್ತು. ಗಿಡಾ ನೋಡಿ ಇಲ್ಲಿ ಮನಿ ಕಟ್ಟಿದ್ವಿ. ಗಿಡಾ ಬಿಟ್ಟು ಮನಿ ಹ್ಯಾಂಗ ಬರದ್ರಿ?”

ಸಹಿಯಾದ ನಕ್ಷೆಯ ಮೇಲೆ ಒಂದು ಚುಕ್ಕೆ ಇಟ್ಟರೂ ತಪ್ಪು. ಅದನ್ನು ನಾನು ಎಷ್ಟೋ ಕಿರಿಯರಿಗೆ ಕಲಿಸಿದ್ದೇನೆ. ಪೆನ್ನು ತೆಗೆದೆ. ಗಿಡಕ್ಕೆ ನಮ್ಮ ನಕ್ಷೆಗಳಲ್ಲಿ ಒಂದು ಗುರುತಿದೆ, ಸಣ್ಣ ವೃತ್ತ, ಕೆಳಗೊಂದು ಗೆರೆ. ಅದನ್ನು ಹಾಕಿದೆ. ಅಜ್ಜಿ ತಲೆ ಅಲ್ಲಾಡಿಸಿ ಕೊಂಬೆ ತೋರಿಸಿದಳು. ಕೊಂಬೆ ಬರೆದೆ. ನಾನು ಬರೆದದ್ದು ಬಾಗಿರಲಿಲ್ಲ, ಮತ್ತೆ ತೋರಿಸಿದಳು. ನೇರ ಗೆರೆ ಮಾತ್ರ ಎಳೆದು ಗೊತ್ತಿರುವ ಕೈ. ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು, ನೋಡಿ ನೋಡಿ, ಆ ಬಾಗಿದ ಕೊಂಬೆಯನ್ನು ಹೆಂಚಿನವರೆಗೂ ತಂದೆ. ಹಣ್ಣು ಎಷ್ಟು ಬರೆಯಲಿ ಎಂದು ಕೇಳಿದೆ. ಅಷ್ಟೂ ಎಂದಳು. ಲಿನ್ ನಕ್ಕಳು. ಅಜ್ಜಿ ನಗಲಿಲ್ಲ.

ಕೆಳಗೆ ನಾಲ್ಕು ಗಂಟೆಯ ಬಸ್ಸು ಹಾರ್ನ್ ಹೊಡೆಯಿತು. ಅವಳು ಅವಸರ ಮಾಡಲಿಲ್ಲ. ಕಾಗದದ ಕೆಳಮೂಲೆಯಲ್ಲಿ ಅಳೆದವನ ಸಹಿಯಿತ್ತು. ಅದರ ಪಕ್ಕ ಬೆರಳಿಟ್ಟು ನನ್ನನ್ನು ನೋಡಿದಳು. ನಾನು ಕನ್ನಡದಲ್ಲಿ ಹೆಸರು ಬರೆದೆ, ಕೆಳಗೆ ಬಸವನ ಬಾಗೇವಾಡಿ ಎಂದು ಬರೆದೆ. ಆ ಬೆಟ್ಟದಲ್ಲಿ ಅದನ್ನು ಓದುವವರು ಯಾರೂ ಇಲ್ಲ. ಅಜ್ಜಿ ಕಾಗದವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಮಂಜಿಗೆ ಬೇಗ ಒಣಗದ ಶಾಯಿಯ ಮೇಲೆ ಮೆಲ್ಲಗೆ ಊದುತ್ತಾ ನಿಂತಳು. ಕೆಳಗೆ ಬಸ್ಸು ಮತ್ತೊಮ್ಮೆ ಹಾರ್ನ್ ಹೊಡೆದು ಕಾಯುತ್ತಿತ್ತು.